ಕೋಡ್ ಒಂದೇ, ಸೈಟ್ ಮೂರು: ಸೆಟ್ಟಿಂಗ್ಸ್ ಎಲ್ಲಿಡಬೇಕು?

ನಮ್ಮ ಸಂಘದ ಪತ್ರಿಕೆ, ಕಾಲೇಜು ಫೆಸ್ಟ್, ಹಳೆ ವಿದ್ಯಾರ್ಥಿಗಳ ಬಳಗ, ಈ ಮೂರೂ ವೆಬ್‌ಸೈಟ್‌ಗಳು ಓಡೋದು ಒಂದೇ ಜ್ಯಾಂಗೊ ಕೋಡ್ ಮೇಲೆ. ಲಾಗಿನ್, ಫಾರ್ಮ್, ಫೋಟೊ ಗ್ಯಾಲರಿ ಎಲ್ಲಾ ಕಡೆ ಅದೇ ತಾನೇ, ಮೂರು ಸಲ ಯಾಕೆ ಬರೀಬೇಕು ಅಂತ ನಾವೇ ಹಾಗೆ ಮಾಡಿಕೊಂಡಿದ್ದೆವು. ಆದರೆ ಫೆಸ್ಟ್ ರಿಜಿಸ್ಟ್ರೇಷನ್ ಶುರುವಾದ ದಿನವೇ ಎಡವಟ್ಟಾಯಿತು. ಫಾರ್ಮ್ ತುಂಬಿದವರಿಗೆಲ್ಲಾ "ಧನ್ಯವಾದ" ಅಂತ ಬರ್ತಿತ್ತು. ಸಂಜೆ ಫೆಸ್ಟ್ ಡೇಟಾಬೇಸ್ ತೆಗೆದು ನೋಡಿದರೆ ಒಂದು ಹೆಸರೂ ಇಲ್ಲ! ಎಲ್ಲಾ ಪತ್ರಿಕೆಯ ಡೇಟಾಬೇಸ್‌ನಲ್ಲಿ ಹಾಯಾಗಿ ಕೂತಿದ್ದವು.

ಏನಾಗಿತ್ತು ಅಂದ್ರೆ, ಡೇಟಾಬೇಸ್ ಹೆಸರನ್ನ ಎನ್ವಿರಾನ್ಮೆಂಟ್ ವೇರಿಯೇಬಲ್‌ನಿಂದ ಓದಿ, ಅದು ಸಿಗದಿದ್ದರೆ ಪತ್ರಿಕೆಯದ್ದನ್ನೇ ತಗೋ ಅಂತ ಡಿಫಾಲ್ಟ್ ಕೊಟ್ಟಿದ್ದೆವು. ಫೆಸ್ಟ್ ಸೈಟ್‌ಗೆ ಆ ವೇರಿಯೇಬಲ್ ಹಾಕೋದೇ ಮರೆತಿದ್ದೆವು. ಕೋಡ್ ಒಂದೇ ಆದ್ದರಿಂದ ಟೇಬಲ್‌ಗಳೂ ಅವೇ, ಪಾಸ್‌ವರ್ಡೂ ಅದೇ. ಹಾಗಾಗಿ ಎಲ್ಲೂ ಎರರ್ ಬರಲಿಲ್ಲ.

ದೋಸೆ ಹಿಟ್ಟು ಒಂದೇ ಇದ್ದರೂ ಕಾವಲಿಗೆ ಹುಯ್ದರೆ ದೋಸೆ, ಗುಳಿ ಇರೋ ಹಂಚಿಗೆ ಹುಯ್ದರೆ ಪಡ್ಡು. ಹಿಟ್ಟು ಕೋಡ್ ಆದರೆ, ಹಂಚು ಸೆಟ್ಟಿಂಗ್ಸ್. ಸೈಟಿನಿಂದ ಸೈಟಿಗೆ ಬದಲಾಗೋದನ್ನೆಲ್ಲಾ ಕೋಡ್‌ನಿಂದ ಹೊರಗಿಡಬೇಕು. ನಾವು ಈಗ ಮಾಡಿಕೊಂಡಿರೋ ವ್ಯವಸ್ಥೆ ಹೀಗಿದೆ:

1. ಬೇಸ್ ಫೈಲ್: ಮೂರಕ್ಕೂ ಸಾಮಾನ್ಯವಾದದ್ದು ಇಲ್ಲಿ. ಆಪ್‌ಗಳ ಪಟ್ಟಿ, ಭಾಷೆ, ಟೈಮ್ ಝೋನ್ ಇತ್ಯಾದಿ.

2. ಸೈಟಿಗೊಂದು ಫೈಲ್: ಇದು ಮೊದಲು ಬೇಸ್‌ನಲ್ಲಿರೋದನ್ನೆಲ್ಲಾ ಇಂಪೋರ್ಟ್ ಮಾಡಿಕೊಂಡು, ಆಮೇಲೆ ತನ್ನ ಡೊಮೇನ್, ಟೆಂಪ್ಲೇಟ್ ಫೋಲ್ಡರ್ ಮುಂತಾದವನ್ನ ಮಾತ್ರ ಬದಲಿಸುತ್ತೆ. ಯಾವ ಫೈಲ್ ಓದಬೇಕು ಅನ್ನೋದನ್ನ 'ಜ್ಯಾಂಗೊ ಸೆಟ್ಟಿಂಗ್ಸ್ ಮಾಡ್ಯೂಲ್' ಅನ್ನೋ ವೇರಿಯೇಬಲ್ ಹೇಳುತ್ತೆ. ಇಡೀ ಕೋಡ್ ತುಂಬಾ "ಇದು ಫೆಸ್ಟ್ ಸೈಟಾ?" ಅಂತ ಇಫ್-ಎಲ್ಸ್ ಹಾಕೋ ಕಾಟ ತಪ್ಪಿತು.

3. ಗುಟ್ಟುಗಳು ಗಿಟ್‌ನಿಂದ ದೂರ: ಪಾಸ್‌ವರ್ಡ್, ಸೀಕ್ರೆಟ್ ಕೀ ಎಲ್ಲಾ ಸರ್ವರ್‌ನ ಎನ್ವಿರಾನ್ಮೆಂಟ್‌ನಲ್ಲಿ, ಸೈಟಿಗೊಂದು ಬೇರೆ ಬೇರೆ. 'ಟ್ವೆಲ್ವ್-ಫ್ಯಾಕ್ಟರ್ ಆಪ್' ಅನ್ನೋ ಹೆಸರಾಂತ ಮಾರ್ಗಸೂಚಿಯಲ್ಲಿ ಇದಕ್ಕೊಂದು ಒಳ್ಳೆ ಪರೀಕ್ಷೆ ಇದೆ: ನಿಮ್ಮ ಕೋಡ್‌ನ ಈ ಕ್ಷಣವೇ ಓಪನ್ ಸೋರ್ಸ್ ಮಾಡಿದರೆ ಯಾವ ಗುಟ್ಟೂ ಬಯಲಾಗಬಾರದು. ಒಮ್ಮೆ ಕಮಿಟ್ ಆದ ಪಾಸ್‌ವರ್ಡ್ ಫೈಲ್‌ನಿಂದ ಅಳಿಸಿದರೂ ಗಿಟ್ ಹಿಸ್ಟರಿಯಲ್ಲಿ ಉಳಿದಿರುತ್ತೆ. ಹಾಗಾಗಿದ್ದರೆ ಪಾಸ್‌ವರ್ಡನ್ನೇ ಬದಲಿಸಿಬಿಡಿ.

4. ಮುಖ್ಯವಾದದ್ದಕ್ಕೆ ಡಿಫಾಲ್ಟ್ ಬೇಡ: ಪೈಥಾನ್‌ನ ಎನ್ವಿರಾನ್ ಡಿಕ್ಷನರಿಯಿಂದ 'ಗೆಟ್' ಬಳಸದೆ ಚೌಕ ಆವರಣ ಹಾಕಿ ನೇರವಾಗಿ ಓದಿದರೆ, ವೇರಿಯೇಬಲ್ ಇಲ್ಲದಾಗ ಕೀ ಎರರ್ ಬಂದು ಸೈಟ್ ಏಳೋದೇ ಇಲ್ಲ. ಅದೇ ಒಳ್ಳೇದು. ನಿಂತ ಸೈಟ್ ಎಲ್ಲರ ಕಣ್ಣಿಗೂ ಬೀಳುತ್ತೆ, ತಪ್ಪು ಜಾಗಕ್ಕೆ ಬರೆಯೋ ಸೈಟ್ ಯಾರ ಕಣ್ಣಿಗೂ ಬೀಳಲ್ಲ.

ಆ ರಾತ್ರಿ ಕೂತು ಎಲ್ಲಾ ಹೆಸರುಗಳನ್ನ ಸರಿಯಾದ ಡೇಟಾಬೇಸ್‌ಗೆ ಸಾಗಿಸಿದೆವು. ಸಂಜೆ ನೋಡದೇ ಹೋಗಿದ್ದರೆ, ಫೆಸ್ಟ್ ದಿನ ಬಾಗಿಲಲ್ಲಿ "ನಿಮ್ಮ ಹೆಸರಿಲ್ಲ" ಅಂತ ಜೂನಿಯರ್‌ಗಳಿಗೆ ಹೇಳಬೇಕಾಗಿತ್ತು. ನಿಮ್ಮ ಮಿನಿ ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್ ಫೈಲನ್ನೂ ಇವತ್ತೇ ಒಮ್ಮೆ ತೆಗೆದು ನೋಡಿ.