ಗುಂಡಿಯ ಹಿಂದಿನ ಕರಾರು

ಗಣಕದ ಪರದೆಯ ಮೇಲೆ 'ಉಳಿಸು' ಎಂದು ಬರೆದ ಒಂದು ಗುಂಡಿಯನ್ನು ಗಮನವಿಟ್ಟು ನೋಡಿ. ಮೌಸನ್ನು ಅದರ ಮೇಲೆ ತಂದರೆ ಬಣ್ಣ ತುಸು ಬದಲಾಗುತ್ತದೆ. ಒತ್ತಿದರೆ ಒಳಕ್ಕೆ ತಗ್ಗಿದಂತೆ ಕಾಣುತ್ತದೆ. ಒತ್ತಿ ಹಿಡಿದು, ಮನಸ್ಸು ಬದಲಾಯಿಸಿ, ಮೌಸನ್ನು ಪಕ್ಕಕ್ಕೆ ಸರಿಸಿ ಬೆರಳು ತೆಗೆದರೆ ಏನೂ ಆಗುವುದಿಲ್ಲ. ಮೌಸೇ ಇಲ್ಲದಿದ್ದರೂ ಟ್ಯಾಬ್ ಕೀಲಿಯಿಂದ ಅದನ್ನು ಮುಟ್ಟಬಹುದು. ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶಕ್ಕೆ ಅದು 'ನಾನೊಂದು ಗುಂಡಿ, ನನ್ನ ಹೆಸರು ಉಳಿಸು' ಎಂದು ತಿಳಿಸುತ್ತದೆ. ಇಷ್ಟೆಲ್ಲ ಕೆಲಸವನ್ನು ಪ್ರತಿಯೊಬ್ಬ ಪ್ರೋಗ್ರಾಮರನೂ ಪ್ರತಿ ಗುಂಡಿಗೂ ಹೊಸದಾಗಿ ಬರೆಯುವಂತಿದ್ದರೆ ಒಂದು ಚಿಕ್ಕ ಲೆಕ್ಕದ ತಂತ್ರಾಂಶಕ್ಕೂ ವರ್ಷಗಳು ಹಿಡಿಯುತ್ತಿದ್ದವು.

ಹಾಗೆ ಬರೆಯಬೇಕಾಗಿಲ್ಲ. ಗುಂಡಿ, ಪಟ್ಟಿ, ಕಿಟಕಿ, ಬರೆಯುವ ಚೌಕ ಇವನ್ನೆಲ್ಲ ಯಾರೋ ಮೊದಲೇ ಬರೆದು ಕಟ್ಟಿಟ್ಟಿರುತ್ತಾರೆ. ಆ ಕಟ್ಟಿಗೆ ಲೈಬ್ರರಿ ಎಂದು ಹೆಸರು. ಪುಸ್ತಕ ಎರವಲು ಕೊಡುವ ಲೈಬ್ರರಿಗೂ ಇದಕ್ಕೂ ಹೆಸರಿನಲ್ಲಷ್ಟೇ ನಂಟು. ಇಂಥ ಲೈಬ್ರರಿಯ ಜೊತೆ ಕೆಲಸ ಮಾಡುವ ರೀತಿಯೂ ಸ್ವಲ್ಪ ವಿಚಿತ್ರ. ಸಾಮಾನ್ಯವಾಗಿ ನಾವು ಬರೆದ ಪ್ರೋಗ್ರಾಮು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲಾಗಿ ನಡೆಯುತ್ತದೆ. ಇಲ್ಲಿ ಹಾಗಲ್ಲ. ಕೆಲಸದ ಯಜಮಾನಿಕೆಯನ್ನು ಲೈಬ್ರರಿಯ ಕೈಗೆ ಒಪ್ಪಿಸಿ ನಾವು ಸುಮ್ಮನೆ ಕೂರುತ್ತೇವೆ. 'ದಿಬ್ಬಣ ಬಂದಾಗ ನನ್ನನ್ನು ಕರೆಯಿರಿ' ಎಂದು ಮದುವೆಮನೆಯ ಬಾಗಿಲಲ್ಲಿ ನಿಂತವರಿಗೆ ಹೇಳಿ ಒಳಗೆ ಹೋದಂತೆ, 'ಈ ಗುಂಡಿ ಒತ್ತಿದಾಗ ನನ್ನ ಈ ಭಾಗವನ್ನು ಕರೆ' ಎಂದು ಹೇಳಿಟ್ಟಿರುತ್ತೇವೆ. ಒತ್ತುವವರು ಒತ್ತಿದಾಗ ಲೈಬ್ರರಿ ನಮ್ಮನ್ನು ಕರೆಯುತ್ತದೆ. ಅಂದರೆ ನಮ್ಮ ಪ್ರೋಗ್ರಾಮು ಲೈಬ್ರರಿಯ ಮನೆಯೊಳಗೆ ವಾಸಮಾಡುತ್ತದೆ. ಮನೆಯ ಗೋಡೆ ಸರಿದರೆ ಒಳಗಿರುವವರ ಗತಿಯೇನು? ಈ ಲೇಖನದ ವಿಷಯ ಅದೇ.

ಮೊದಲು ಇಂಥ ಒಂದು ಲೈಬ್ರರಿ ಹುಟ್ಟಿದ ಬಗೆಯನ್ನು ನೋಡೋಣ. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಚಿತ್ರಗಳನ್ನು ತಿದ್ದುವ ಒಂದು ತಂತ್ರಾಂಶವನ್ನು ಬರೆಯತೊಡಗಿದರು. ಅದೇ ಗಿಂಪ್. 1996ರಲ್ಲಿ ಅದು ಜನರ ಕೈಗೆ ಬಂದಾಗ ಅದರ ಗುಂಡಿ, ಕಿಟಕಿಗಳೆಲ್ಲ ಮೋಟಿಫ್ ಎಂಬ ಲೈಬ್ರರಿಯವು. ಗಿಂಪ್ ಉಚಿತ, ಅದರ ಮೂಲಸಂಕೇತ, ಅಂದರೆ ಪ್ರೋಗ್ರಾಮರು ಬರೆದ ಮೂಲ ಬರಹ, ಎಲ್ಲರಿಗೂ ತೆರೆದಿತ್ತು. ಮೋಟಿಫ್ ಮಾತ್ರ ಹಣ ಕೊಟ್ಟು ಪಡೆಯಬೇಕಾದದ್ದು, ಅದರ ಒಳಗು ಮುಚ್ಚಿದ್ದು. ಹೀಗಾಗಿ ಗಿಂಪನ್ನು ತಿದ್ದಿ ಉತ್ತಮಪಡಿಸಬೇಕೆಂದು ಮುಂದೆ ಬಂದ ವಿದ್ಯಾರ್ಥಿ ಮೊದಲು ಮೋಟಿಫ್ ಕೊಳ್ಳಬೇಕಾಗುತ್ತಿತ್ತು. ಈ ಕಾಟ ತಪ್ಪಿಸಲು ಮ್ಯಾಟಿಸ್ ತಮ್ಮದೇ ಗುಂಡಿ ಕಿಟಕಿಗಳನ್ನು ಬರೆದರು. 'ಗಿಂಪ್ ಟೂಲ್‌ಕಿಟ್' ಎಂಬ ಹೆಸರು ಮೊಟಕಾಗಿ ಜಿಟಿಕೆ ಆಯಿತು. ಕಿಂಬಾಲ್ ಮತ್ತು ಮ್ಯಾಟಿಸ್ ಓದು ಮುಗಿಸಿ ತಮ್ಮ ದಾರಿ ಹಿಡಿದರು. ಜಿಟಿಕೆಯ ಮೊದಲ ಪೂರ್ಣ ಆವೃತ್ತಿ 1998ರ ಏಪ್ರಿಲಿನಲ್ಲಿ ಹೊರಬಂತು. ಮೂಲ ಬರಹ ತೆರೆದಿದ್ದುದರಿಂದಲೇ, ಹುಟ್ಟಿಸಿದವರು ಹೋದ ಮೇಲೂ ಲೈಬ್ರರಿ ಉಳಿಯಿತು.

ಅದೇ ವರ್ಷಗಳಲ್ಲಿ ನಾರ್ವೆ ದೇಶದಲ್ಲಿ ಕ್ಯೂಟಿ ಎಂಬ ಇನ್ನೊಂದು ಲೈಬ್ರರಿ ಬೆಳೆಯುತ್ತಿತ್ತು. ಹಾವರ್ಡ್ ನೂರ್ಡ್ ಮತ್ತು ಐರಿಕ್ ಶಾಂಬೆ-ಎಂಗ್ ಎಂಬಿಬ್ಬರು ಬರೆದದ್ದು. 1995ರಲ್ಲಿ ಸಾರ್ವಜನಿಕರಿಗೆ ಸಿಕ್ಕಿತು. ಜರ್ಮನಿಯ ಮಥಿಯಾಸ್ ಎಟ್ರಿಚ್ 1996ರಲ್ಲಿ ಆರಂಭಿಸಿದ ಕೆಡಿಇ ಎಂಬ ಮುಕ್ತ ಯೋಜನೆ ಇದನ್ನೇ ಅಡಿಪಾಯವಾಗಿ ಇಟ್ಟುಕೊಂಡಿತು. ತಾಂತ್ರಿಕವಾಗಿ ಕ್ಯೂಟಿ ಸೊಗಸಾಗಿತ್ತು. ಆದರೆ ಅದರ ಪರವಾನಗಿಯಂತೆ ತಿದ್ದಿದ ಕ್ಯೂಟಿಯನ್ನು ಇತರರಿಗೆ ಹಂಚುವಂತಿರಲಿಲ್ಲ. ನಾಳೆ ಆ ಕಂಪನಿ ಮುಚ್ಚಿಹೋದರೆ, ಅಥವಾ ಮನಸ್ಸು ಬದಲಾಯಿಸಿದರೆ? ಈ ಪ್ರಶ್ನೆಯನ್ನು ಕೆಲವರು ಬಲವಾಗಿ ಎತ್ತಿದರು. ಅದರ ಫಲವಾಗಿ 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ, ಜಿಟಿಕೆಯ ಮೇಲೆ ನಿಂತ ಗ್ನೋಮ್ ಯೋಜನೆಯನ್ನು ಪ್ರಾರಂಭಿಸಿದರು. ಕೆಡಿಇಯವರೂ ಕೈಕಟ್ಟಿ ಕೂರಲಿಲ್ಲ. 1998ರಲ್ಲಿ ಕಂಪನಿಯೊಡನೆ ಒಂದು ಲಿಖಿತ ಒಪ್ಪಂದ ಮಾಡಿಕೊಂಡರು: ಕ್ಯೂಟಿಯ ಮುಕ್ತ ಆವೃತ್ತಿ ಹನ್ನೆರಡು ತಿಂಗಳು ಹೊರಬರದೆ ಹೋದರೆ, ಅದನ್ನು ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡುವ ಹಕ್ಕು ಒಂದು ಪ್ರತಿಷ್ಠಾನಕ್ಕೆ ಸಲ್ಲುತ್ತದೆ. 2000ದಲ್ಲಿ ಕ್ಯೂಟಿ ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ಬಂತು. 2008ರಲ್ಲಿ ಆ ಕಂಪನಿಯನ್ನು ನೋಕಿಯಾ ಕೊಂಡಿತು. ಮುಂದೆ ನೋಕಿಯಾದ ಕೈಯಿಂದಲೂ ಅದು ಜಾರಿತು. ಒಡೆಯರು ಬದಲಾದರೂ ಆ ಒಪ್ಪಂದ ಕೈಬಿಟ್ಟುಹೋಗಲಿಲ್ಲ. ಪ್ರೋಗ್ರಾಮಿನ ಪಾಠಗಳಲ್ಲಿ ಪರವಾನಗಿಯ ಮಾತು ಬಂದೊಡನೆ ಆಕಳಿಸುವವರು ಈ ಕಥೆಯನ್ನು ನೆನಪಿಡುವುದು ಒಳ್ಳೆಯದು.

ಇಷ್ಟು ಹುಟ್ಟಿನ ಕಥೆಯಾಯಿತು. ನಿಜವಾದ ಕಷ್ಟ ಆರಂಭವಾಗುವುದು ಆಮೇಲೆ. ಲೈಬ್ರರಿಯನ್ನು ಸಾವಿರಾರು ಮಂದಿ ಬಳಸತೊಡಗಿದ ಮೇಲೆ ಅದರಲ್ಲಿ ಏನನ್ನು ಬದಲಾಯಿಸಬಹುದು, ಏನನ್ನು ಮುಟ್ಟಕೂಡದು?

ಒಂದು ಬೀರುವನ್ನು ಊಹಿಸಿಕೊಳ್ಳಿ. ಗುಂಡಿಯ ಬಗ್ಗೆ ಲೈಬ್ರರಿಗೆ ಗೊತ್ತಿರುವುದೆಲ್ಲ ಅದರ ಖಾನೆಗಳಲ್ಲಿದೆ. ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ಎತ್ತರ, ಮೂರನೆಯದರಲ್ಲಿ ಅಗಲ. ನೀವು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸಿದಾಗ 'ಅಗಲ' ಎಂಬ ಪದ ಅಳಿಸಿಹೋಗುತ್ತದೆ; 'ಮೂರನೆಯ ಖಾನೆ' ಎಂಬ ಅಂಕಿ ಮಾತ್ರ ಉಳಿಯುತ್ತದೆ. ಈಗ ಲೈಬ್ರರಿಯವರು, ಒಳ್ಳೆಯ ಉದ್ದೇಶದಿಂದಲೇ, ಬಣ್ಣಕ್ಕಾಗಿ ಒಂದು ಖಾನೆಯನ್ನು ನಡುವೆ ತೂರಿಸಿದರೆನ್ನಿ. ನಿಮ್ಮ ಹಳೆಯ ಪ್ರೋಗ್ರಾಮು ಎಂದಿನಂತೆ ಮೂರನೆಯದನ್ನು ತೆರೆಯುತ್ತದೆ, ಬಣ್ಣವನ್ನು ಅಗಲವೆಂದು ತಿಳಿಯುತ್ತದೆ, ಕುಸಿದು ಬೀಳುತ್ತದೆ. ನೀವು ಒಂದಕ್ಷರವನ್ನೂ ಬದಲಾಯಿಸಿಲ್ಲ. ಮೂಲ ಬರಹದ ಮಟ್ಟದಲ್ಲಿಯೂ ಎಲ್ಲ ಸರಿಯಾಗಿಯೇ ಇದೆ. ಆದರೂ ಪ್ರೋಗ್ರಾಮು ಸತ್ತಿತು. ಆದ್ದರಿಂದ ಲೈಬ್ರರಿ ಕಾಪಾಡಬೇಕಾದ ಕರಾರುಗಳು ಎರಡು: ಬರೆಯುವವರಿಗೆ ಕಾಣುವ ಹೆಸರುಗಳದ್ದು ಒಂದು, ಯಂತ್ರಕ್ಕೆ ಮಾತ್ರ ಕಾಣುವ ಜೋಡಣೆಯದ್ದು ಇನ್ನೊಂದು. ಎರಡನೆಯದೇ ಹೆಚ್ಚು ಮೋಸದ್ದು.

ಇದಕ್ಕೆ ಜಿಟಿಕೆಯವರು ಕಂಡುಕೊಂಡ ಉಪಾಯ ಸರಳವಾದದ್ದು. 2008ರಿಂದ ಅವರು ಖಾನೆಗಳಿಗೆ ಒಂದೊಂದಾಗಿ ಬೀಗ ಹಾಕತೊಡಗಿದರು. ಕಚೇರಿಯಲ್ಲಿ ಕಡತ ಬೇಕಾದರೆ ನೀವೇ ಬೀರುವಿಗೆ ಕೈಹಾಕುವಂತಿಲ್ಲ, ಗುಮಾಸ್ತರನ್ನು ಕೇಳಬೇಕು, ಅಲ್ಲವೇ? ಹಾಗೆಯೇ 'ಅಗಲ ಎಷ್ಟು?' ಎಂದು ಕೇಳಲು ಒಂದು ವಿಧಾನವನ್ನು ಕೊಟ್ಟರು. ಒಳಗೆ ಖಾನೆ ಎಲ್ಲಿಗೆ ಸರಿದರೂ ಉತ್ತರ ಸರಿಯಾಗಿ ಬರುತ್ತದೆ. ಕಿತ್ತುಹಾಕಬೇಕೆನಿಸಿದ ಹಳೆಯ ಭಾಗಗಳನ್ನೂ ಥಟ್ಟನೆ ಕಿತ್ತುಹಾಕುವುದಿಲ್ಲ. 'ಇದು ಹಳತಾಯಿತು, ಬದಲಿಗೆ ಇದನ್ನು ಬಳಸಿ' ಎಂದು ಗುರುತು ಹಚ್ಚಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ತೆಗೆಯುವುದು ಆವೃತ್ತಿಯ ಮೊದಲ ಅಂಕಿ ಬದಲಾದಾಗ ಮಾತ್ರ. 2ನೆಯದು 2002ರಲ್ಲಿ, 3ನೆಯದು 2011ರಲ್ಲಿ, 4ನೆಯದು 2020ರಲ್ಲಿ ಬಂತು. 2002ರಲ್ಲಿ ಜಿಟಿಕೆ 2.0ಕ್ಕೆ ಕಟ್ಟಿದ ಪ್ರೋಗ್ರಾಮು 2011ರ 2.24ರ ಮೇಲೂ ನಡೆಯಬೇಕು ಎಂಬುದು ಕರಾರು.

ಹಾಗಾದರೆ ಮೊದಲ ಅಂಕಿ ಬದಲಾದಾಗ ಏನಾಗುತ್ತದೆ? ಇಲ್ಲಿ ಗಿಂಪಿನ ಕಡೆಗೇ ಹಿಂತಿರುಗಬೇಕು. ಜಿಟಿಕೆ ಹುಟ್ಟಿದ್ದೇ ಗಿಂಪಿಗಾಗಿ. ಜಿಟಿಕೆ 3 ಬಂದದ್ದು 2011ರ ಫೆಬ್ರವರಿಯಲ್ಲಿ. ಅದರ ಮೇಲೆ ನಿಂತ ಗಿಂಪ್ 3.0 ಬಂದದ್ದು 2025ರ ಮಾರ್ಚಿಯಲ್ಲಿ. ಹದಿನಾಲ್ಕು ವರ್ಷ! ಅಷ್ಟರಲ್ಲಿ ಜಿಟಿಕೆ 4 ಬಂದು ನಾಲ್ಕು ವರ್ಷ ಕಳೆದಿತ್ತು; ಜಿಟಿಕೆ 2ರ ತಿದ್ದುಪಡಿಗಳು 2020ರಲ್ಲಿಯೇ ನಿಂತಿದ್ದವು. ಮನೆ ಕಟ್ಟಿಸಿದ ಮಗನಿಗಾಗಿಯೇ ಕಟ್ಟಿದ ಮನೆ, ಆತ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಮಾನು ಸಾಗಿಸುವಷ್ಟರಲ್ಲಿ ಮಹಡಿಯ ಮೇಲೆ ಮಹಡಿ ಎದ್ದಂತಾಯಿತು.

ಇದು ಗಿಂಪಿನವರ ಸೋಮಾರಿತನವೆಂದು ಯಾರೂ ಭಾವಿಸಬಾರದು. ಅಲ್ಲಿ ದುಡಿಯುವವರು ಬೆರಳೆಣಿಕೆಯ ಮಂದಿ, ಬಹುಪಾಲು ಬಿಡುವಿನ ವೇಳೆಯಲ್ಲಿ. ಅದೇ ಅವಧಿಯಲ್ಲಿ ಅವರು ಚಿತ್ರವನ್ನು ಸಂಸ್ಕರಿಸುವ ಒಳಗಿನ ಯಂತ್ರವನ್ನೇ ಬದಲಿಸಿದರು. ಅದರ ಫಲ 2018ರ 2.10 ಆವೃತ್ತಿಯಲ್ಲಿ ಕಂಡಿತು. ಜಗತ್ತಿನ ನಾನಾ ಕಡೆಯವರು ಗಿಂಪಿಗೆಂದು ಬರೆದ ಚಿಕ್ಕ ಜೋಡಣೆಗಳು ಅಸಂಖ್ಯ. ಅವುಗಳಿಗೂ ಹೊಸ ದಾರಿ ಮಾಡಿಕೊಡಬೇಕಿತ್ತು. ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್ ಕೂಡ ಜಿಟಿಕೆ 3ಕ್ಕೆ ಬಂದು ಮುಟ್ಟಿದ್ದು 2019ರಲ್ಲಿ. ಇನ್ನೊಂದು ಕಡೆ ಲೈಬ್ರರಿಯವರ ಪಾಡನ್ನೂ ನೋಡಬೇಕು. 1998ರ ಪರದೆ, ಇಂದಿನ ಸೂಕ್ಷ್ಮ ಚುಕ್ಕಿಗಳ ಪರದೆ, ಬೆರಳಿನಿಂದ ಮುಟ್ಟುವ ಪರದೆ ಇವುಗಳ ನಡುವೆ ಅಜಗಜಾಂತರ. ಹಳೆಯ ಕರಾರನ್ನು ಎಂದೆಂದಿಗೂ ಹೊತ್ತರೆ ಮುಂದೆ ಹೋಗುವಂತಿಲ್ಲ. ಆದರೂ ನನ್ನ ಅಭಿಪ್ರಾಯದಲ್ಲಿ ಜಿಟಿಕೆ 3ರ ಮೊದಲ ವರ್ಷಗಳಲ್ಲಿ ಅವರು ಸ್ವಲ್ಪ ಆತುರಪಟ್ಟರು. ಮೊದಲ ಅಂಕಿ ಬದಲಾಗದೆಯೇ, ಉದಾಹರಣೆಗೆ 2016ರ 3.20ರಲ್ಲಿ, ಬಣ್ಣ ಮತ್ತು ಅಲಂಕಾರ ಹೇಳುವ ರೀತಿಯನ್ನು ಬದಲಿಸಿ ಅನೇಕರ ಅಲಂಕಾರಗಳನ್ನು ಕೆಡಿಸಿದರು. ಕೂಲಿಯಿಲ್ಲದೆ ದುಡಿಯುವವನಿಗೆ ಎರಡೆರಡು ಬಾರಿ ಅದೇ ಕೆಲಸ ಮಾಡಿಸಿದರೆ ಮೂರನೆಯ ಸಲ ಆತ ಬರುವುದಿಲ್ಲ.

ಇನ್ನು ಕನ್ನಡದ ಮಾತು. ಗುಂಡಿಯ ಮೇಲೆ ಕನ್ನಡ ಅಕ್ಷರ ಮೂಡಿಸುವ ಕೆಲಸ ಇಂಗ್ಲಿಷಿನಷ್ಟು ಸುಲಭವಲ್ಲ. 'ಸೂರ್ಯ' ಎಂಬ ಪದವನ್ನು ಬರೆದು ನೋಡಿ. ಗಣಕದ ಸ್ಮೃತಿಯಲ್ಲಿ ಮೊದಲು ರಕಾರ, ಅನಂತರ ವಿರಾಮದ ಚಿಹ್ನೆ, ಆಮೇಲೆ ಯಕಾರ. ಪರದೆಯ ಮೇಲೆ ಮೊದಲು ಕಾಣುವುದು ಯಕಾರ. ರಕಾರವು ಅರ್ಕಾವೊತ್ತಾಗಿ ಅದರ ಬಲಕ್ಕೆ ಹೋಗಿ ಕೂರುತ್ತದೆ. ಈ ಸ್ಥಾನಪಲ್ಲಟವನ್ನು ಯಾರು ಮಾಡಬೇಕು? ಜಿಟಿಕೆ ಈ ಕೆಲಸವನ್ನು ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿಗೆ ಒಪ್ಪಿಸುತ್ತದೆ. ಹೆಸರೇ ಚೆಂದ: 'ಪ್ಯಾನ್' ಎಂದರೆ ಗ್ರೀಕಿನಲ್ಲಿ ಎಲ್ಲ, 'ಗೋ' ಎಂದರೆ ಜಪಾನಿನಲ್ಲಿ ಭಾಷೆ. ಪ್ಯಾಂಗೋ ಅದನ್ನು ಹಾರ್ಫ್‌ಬಜ್ ಎಂಬ ಮತ್ತೊಂದರ ಕೈಗೆ ಕೊಡುತ್ತದೆ. ಕ್ಯೂಟಿ, ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಇವೆಲ್ಲ ಬಳಸುವುದು ಈ ಹಾರ್ಫ್‌ಬಜ್‌ನ್ನೇ. ಅಲ್ಲಿ ಒಂದು ಒತ್ತಕ್ಷರದ ದೋಷ ಸರಿಯಾದರೆ ಇಷ್ಟೂ ಕಡೆ ಕನ್ನಡ ಸರಿಯಾಗುತ್ತದೆ. ಕೆಟ್ಟರೆ ಇಷ್ಟೂ ಕಡೆ ಕೆಡುತ್ತದೆ. ಕನ್ನಡ ಓದಬಲ್ಲವರೊಬ್ಬರು ನೋಡಿ ಹೇಳದ ಹೊರತು ಅದು ಕೆಟ್ಟಿದೆಯೆಂದು ತಿಳಿಯುವುದಾದರೂ ಹೇಗೆ?

ಹಾಗೆ ಹೇಳುವ ಕ್ರಮವೊಂದುಂಟು. 'ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಯಾವ ಲೈಬ್ರರಿ, ಯಾವ ಆವೃತ್ತಿ, ಯಾವ ಅಕ್ಷರಶೈಲಿ, ಏನು ಬರಬೇಕಿತ್ತು, ಏನು ಬಂತು ಎಂಬುದನ್ನು ತಿಳಿಸಬೇಕು. ಅದಕ್ಕಿಂತ ಮುಖ್ಯವಾಗಿ, ದೋಷವನ್ನು ತೋರಿಸುವ ಅತಿ ಚಿಕ್ಕ ಪ್ರೋಗ್ರಾಮನ್ನು ಜೊತೆಗೆ ಕೊಡಬೇಕು. ಐನೂರು ಸಾಲನ್ನು ಹತ್ತು ಸಾಲಿಗೆ ಇಳಿಸುತ್ತ ಹೋಗುವಾಗ ಎಷ್ಟೋ ಸಲ ತಪ್ಪು ಎಲ್ಲಿದೆಯೆಂಬುದು ತಾನಾಗಿಯೇ ತಿಳಿದುಬಿಡುತ್ತದೆ. ಈ ಯೋಜನೆಗಳಲ್ಲಿ ದುಡಿಯುವವರು ಎಲ್ಲೋ ದೂರದಲ್ಲಿರುವ ದೇವತೆಗಳೆಂದು ತಿಳಿಯಬೇಡಿ. 2011ರ ಮಾರ್ಚಿಯಲ್ಲಿ ಕೆಡಿಇಯವರ ಭಾರತೀಯ ಸಮ್ಮೇಳನವೂ ಏಪ್ರಿಲಿನಲ್ಲಿ ಗ್ನೋಮ್‌ನ ಏಷ್ಯಾ ಸಮ್ಮೇಳನವೂ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೇ ನಡೆದಿದ್ದವು.

ನೀವೇ ಒಂದು ಕಿಟಕಿ ಬರೆಯಬೇಕೆಂದಿದ್ದರೆ ಪೈಥಾನ್ ಭಾಷೆಯಿಂದ ಜಿಟಿಕೆಯನ್ನಾಗಲಿ ಕ್ಯೂಟಿಯನ್ನಾಗಲಿ ಬಳಸಬಹುದು. ಇಪ್ಪತ್ತು ಸಾಲಿನಲ್ಲಿ ಗುಂಡಿ ಮೂಡುತ್ತದೆ. ಕೈಗೆ ಸಿಕ್ಕ ಪಾಠವು ಯಾವ ಆವೃತ್ತಿಗೆ ಬರೆದದ್ದು ಎಂಬುದನ್ನು ಮೊದಲು ನೋಡಿ. ಜಿಟಿಕೆ 2ರ ಪಾಠ ಹಿಡಿದು 4ರಲ್ಲಿ ಹೆಣಗುವ ವಿದ್ಯಾರ್ಥಿಗಳು ಬಹಳ. ಗುಂಡಿಯ ಅಗಲವನ್ನು ಇಂತಿಷ್ಟೇ ಎಂದು ನೀವೇ ಗೊತ್ತುಮಾಡಬೇಡಿ, ಲೈಬ್ರರಿಗೆ ಬಿಡಿ. ಇಂಗ್ಲಿಷಿನ 'ಸೇವ್' ಹಿಡಿಸುವ ಜಾಗದಲ್ಲಿ 'ಹೊಸ ಹೆಸರಿನಲ್ಲಿ ಉಳಿಸು' ಹಿಡಿಸದು. ಜಿಟಿಕೆಯ ಎಲ್‌ಜಿಪಿಎಲ್ ಪರವಾನಗಿಯಂತೆ ನೀವು ಬರೆದ ಪ್ರೋಗ್ರಾಮನ್ನು ಮಾರಲೂಬಹುದು. ಆದರೆ ಲೈಬ್ರರಿಯನ್ನೇ ತಿದ್ದಿ ಹಂಚಿದರೆ ಆ ತಿದ್ದುಪಡಿಯ ಮೂಲ ಬರಹವನ್ನು ಪಡೆದವರಿಗೆ ಒದಗಿಸಬೇಕು.

ಲಿನಕ್ಸ್ ಇರುವ ಗಣಕ ಸಿಕ್ಕಿದರೆ ಒಂದು ಚಿಕ್ಕ ಪರೀಕ್ಷೆ ಮಾಡಿ. ಆದೇಶ ಬರೆಯುವ ಕಿಟಕಿಯನ್ನು ತೆರೆದು 'ಎಲ್‌ಡಿಡಿ' ಎಂಬ ಆದೇಶದ ಮುಂದೆ ಗಿಂಪ್ ಇರುವ ಜಾಗವನ್ನು ಕೊಡಿ. ಅದು ಆತುಕೊಂಡಿರುವ ಲೈಬ್ರರಿಗಳ ಉದ್ದನೆಯ ಪಟ್ಟಿ ಇಳಿಯುತ್ತದೆ. ಪ್ಯಾಂಗೋ, ಹಾರ್ಫ್‌ಬಜ್ ಎಲ್ಲ ಅದರಲ್ಲಿರುತ್ತವೆ. ಗಿಂಪ್ 3 ಆಗಿದ್ದರೆ ಜಿಟಿಕೆಯ ಹೆಸರಿನ ಮುಂದೆ 3 ಎಂದಿರುತ್ತದೆ. ಆಮೇಲೆ ಗ್ನೋಮ್‌ನ ಹೊಸ ಬರಹ ಸಂಪಾದಕಕ್ಕೂ ಅದೇ ಆದೇಶ ಕೊಡಿ. ಅಲ್ಲಿ 4 ಎಂದಿರುತ್ತದೆ. ಎರಡೂ ಒಂದೇ ಗಣಕದಲ್ಲಿ, ಒಂದನ್ನೊಂದು ಮುಟ್ಟದೆ ಅಕ್ಕಪಕ್ಕದಲ್ಲಿ ಇರುವುದನ್ನು ನೀವೇ ಕಾಣಬಹುದು.