ಕೊಳ್ಳುವವರ ಲೆಕ್ಕ

ಅಂಗಡಿಯ ಮುಂದೆ ನಿಂತವರು ಕೇಳುವ ಮೊದಲ ಪ್ರಶ್ನೆ ‘ಬೆಲೆ ಎಷ್ಟು?’ ಎಂಬುದು. ಆದರೆ ಅದು ಅರ್ಧ ಪ್ರಶ್ನೆ ಮಾತ್ರ. ‘ಎಷ್ಟಕ್ಕೆ ಎಷ್ಟು?’ ಎಂದು ಕೇಳಿದಾಗಲೇ ಅದು ಪೂರ್ಣವಾಗುತ್ತದೆ. ಪ್ರಮಾಣವನ್ನು ಮರೆತು ಬೆಲೆಯನ್ನಷ್ಟೇ ನೋಡುವವರಿಗೆ ಅಗ್ಗ ಯಾವುದು, ತುಟ್ಟಿ ಯಾವುದು ಎಂಬುದು ತಿಳಿಯುವುದಿಲ್ಲ.

ಹಿಂದೆ ಕನ್ನಡ ನಾಡಿನಲ್ಲಿ ಧಾನ್ಯವನ್ನು ಪಾವು, ಸೇರು, ಬಳ್ಳ, ಕೊಳಗಗಳಲ್ಲಿ ಅಳೆಯುತ್ತಿದ್ದರು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ. ಅಳತೆಯೇ ಬೇರೆಯಾದಾಗ ಬೆಲೆಗಳನ್ನು ಹೋಲಿಸುವುದು ಹೇಗೆ? ಈ ಗೊಂದಲವನ್ನು ಹೋಗಲಾಡಿಸಲು ಭಾರತ ಸರ್ಕಾರವು 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯನ್ನು ತಂದಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಚಲಾವಣೆಗೆ ಬಂದವು. ಮುಂದಿನ ಕೆಲವೇ ವರ್ಷಗಳಲ್ಲಿ ಕಿಲೋಗ್ರಾಂ, ಲೀಟರುಗಳು ದೇಶದಾದ್ಯಂತ ನೆಲೆಗೊಂಡವು. ಕಿಲೋ ಒಂದಕ್ಕೆ ಇಷ್ಟು ಎಂದರೆ ಬೀದರಿನಲ್ಲಿಯೂ ಚಾಮರಾಜನಗರದಲ್ಲಿಯೂ ಒಂದೇ ಅರ್ಥ ಎಂಬಂತಾಯಿತು.

ಆದರೆ ಪದಾರ್ಥಗಳು ಮೂಟೆಯಿಂದ ಪೊಟ್ಟಣಕ್ಕೆ ಬಂದ ಮೇಲೆ ತೊಡಕು ಬೇರೊಂದು ರೂಪದಲ್ಲಿ ಮರಳಿತು. ಒಂದೇ ಬಗೆಯ ತೊಗರಿಬೇಳೆಯ ಮೂರು ಪೊಟ್ಟಣಗಳಿವೆ ಎಂದು ಭಾವಿಸೋಣ. 250 ಗ್ರಾಂ ಪೊಟ್ಟಣಕ್ಕೆ 44 ರೂಪಾಯಿ, 400 ಗ್ರಾಂ ಪೊಟ್ಟಣಕ್ಕೆ 72 ರೂಪಾಯಿ, 750 ಗ್ರಾಂ ಪೊಟ್ಟಣಕ್ಕೆ 129 ರೂಪಾಯಿ. ಇವುಗಳಲ್ಲಿ ಲಾಭದಾಯಕವಾದುದು ಯಾವುದು? ಕಣ್ಣಳತೆಯಿಂದ ಉತ್ತರ ದೊರೆಯದು. ಬೆಲೆಯನ್ನು ಗ್ರಾಂಗಳಿಂದ ಭಾಗಿಸಿ 1000ದಿಂದ ಗುಣಿಸಿದರೆ ಕಿಲೋ ಒಂದರ ಬೆಲೆ ಬರುತ್ತದೆ. ಇದನ್ನೇ ಏಕಮಾನ ಬೆಲೆ ಎನ್ನುವರು. ಅದರಂತೆ ಮೂರು ಪೊಟ್ಟಣಗಳ ಬೆಲೆ ಕಿಲೋವಿಗೆ ಕ್ರಮವಾಗಿ 176, 180 ಮತ್ತು 172 ರೂಪಾಯಿ. ಗಾತ್ರ ಹೆಚ್ಚಿದಂತೆ ಬೆಲೆ ಇಳಿಯುತ್ತದೆಂಬ ನಂಬಿಕೆ ಇಲ್ಲಿ ಸುಳ್ಳಾಯಿತು. ನಡುವಿನ ಪೊಟ್ಟಣವೇ ಎಲ್ಲಕ್ಕಿಂತ ತುಟ್ಟಿ.

ಕೆಲವೊಮ್ಮೆ ಬೆಲೆ ಬದಲಾಗದೆ ತೂಕವಷ್ಟೇ ಇಳಿಯುತ್ತದೆ. 20 ರೂಪಾಯಿಯ 100 ಗ್ರಾಂ ಬಿಸ್ಕತ್ತು ಅದೇ ಬೆಲೆಗೆ 90 ಗ್ರಾಂ ಆದರೆ, ಕಿಲೋವಿನ ಬೆಲೆ 200ರಿಂದ 222 ರೂಪಾಯಿಗೆ ಏರಿದಂತಾಯಿತು. ಎಣ್ಣೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಎಣ್ಣೆಯು ನೀರಿಗಿಂತ ಹಗುರ. ಒಂದು ಲೀಟರು ಅಡಿಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ. ಆದುದರಿಂದ ಲೀಟರಿನ ಬೆಲೆಯನ್ನು ಕಿಲೋವಿನ ಬೆಲೆಯೊಡನೆ ನೇರವಾಗಿ ಹೋಲಿಸಬಾರದು.

ಕೊಳ್ಳುವವರ ನೆರವಿಗಾಗಿ ಕೇಂದ್ರ ಸರ್ಕಾರವು 2021ರಲ್ಲಿ ನಿಯಮಗಳನ್ನು ತಿದ್ದುಪಡಿ ಮಾಡಿ, ಪೊಟ್ಟಣದ ಮೇಲೆ ಏಕಮಾನ ಬೆಲೆಯನ್ನೂ ಮುದ್ರಿಸಬೇಕೆಂದು ವಿಧಿಸಿತು. ಒಂದು ಕಿಲೋವಿಗಿಂತ ಕಡಿಮೆ ತೂಕದ ಪೊಟ್ಟಣದಲ್ಲಿ ಇದು ಗ್ರಾಂ ಒಂದರ ಬೆಲೆಯಾಗಿರುತ್ತದೆ. ದಶಮಾಂಶದ ಎರಡು ಸ್ಥಾನಗಳಿಗೆ ಸರಿಹೊಂದಿಸಿದ ಅಂಕಿಯಾಗಿರುತ್ತದೆ. ಇದು ಉಪಯುಕ್ತವಾದ ನೆರವೇ ಸರಿ. ಆದರೂ ಮೇಲಿನ ಮೊದಲ ಎರಡು ಬೇಳೆ ಪೊಟ್ಟಣಗಳ ಮೇಲೆ ಗ್ರಾಂಗೆ 0.18 ರೂಪಾಯಿ ಎಂದೇ ಇರುವುದು. ಕಿಲೋವಿಗೆ 4 ರೂಪಾಯಿಯ ಅಂತರ ಅಲ್ಲಿ ಕಾಣಿಸುವುದಿಲ್ಲ. ಅಚ್ಚಾದ ಅಂಕಿಯಿದ್ದರೂ ತಲೆಯೊಳಗಿನ ಲೆಕ್ಕ ಅನಗತ್ಯವಾಗುವುದಿಲ್ಲ.

ಹಾಗೆಂದು ಏಕಮಾನ ಬೆಲೆ ಕಡಿಮೆಯಿರುವುದೆಲ್ಲ ಉಳಿತಾಯವೇ ಎನ್ನುವಂತಿಲ್ಲ. 750 ಗ್ರಾಂ ಬೇಳೆಯಲ್ಲಿ 50 ಗ್ರಾಂ ಹುಳು ಹಿಡಿದು ಹಾಳಾದರೆ, ಉಳಿದುದರ ಬೆಲೆ ಕಿಲೋವಿಗೆ 184 ರೂಪಾಯಿಯನ್ನು ಮೀರುತ್ತದೆ. ಬಳಸಿದ ಪದಾರ್ಥದ ಬೆಲೆಯೇ ನಿಜವಾದ ಬೆಲೆ. ಗುಣವೂ ಲೆಕ್ಕದೊಳಗಿನ ಅಂಶವೇ. ಕಲ್ಲು ಬೆರೆತ ಅಕ್ಕಿ ಎಷ್ಟು ಅಗ್ಗವಾದರೂ ತುಟ್ಟಿಯೇ.

ಈ ಲೆಕ್ಕದ ಅಗತ್ಯ ಬಡವರಿಗೆ ಹೆಚ್ಚು. ದಿನಗೂಲಿಯಿಂದ ಬಾಳುವ ಕುಟುಂಬಕ್ಕೆ 129 ರೂಪಾಯಿಯನ್ನು ಒಮ್ಮೆಗೇ ಬೇಳೆಗೆ ತೆರುವುದು ಸಾಧ್ಯವಾಗದಿರಬಹುದು. ಆಗ ಅದು ಸಣ್ಣ ಪೊಟ್ಟಣವನ್ನೇ ಮತ್ತೆ ಮತ್ತೆ ಕೊಂಡು, ಉಳ್ಳವರಿಗಿಂತ ಹೆಚ್ಚಿನ ದರವನ್ನು ತೆರಬೇಕಾಗುತ್ತದೆ. ಇಲ್ಲಿ ಕೊರತೆಯಿರುವುದು ಜಾಣತನದ್ದಲ್ಲ, ಕೈಯಲ್ಲಿರುವ ಹಣದ್ದು. ನೆರೆಹೊರೆಯ ಎರಡು ಮೂರು ಮನೆಯವರು ಕೂಡಿ ದೊಡ್ಡ ಪೊಟ್ಟಣವನ್ನು ಕೊಂಡು ತೂಗಿ ಹಂಚಿಕೊಂಡರೆ, ಆ ಲಾಭ ಅವರಿಗೂ ದಕ್ಕುತ್ತದೆ.

‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬ ಗಾದೆಯಿದೆ. ಕಿಲೋವಿಗೆ ನಾಲ್ಕೆಂಟು ರೂಪಾಯಿ ಅಲ್ಪವೆಂದು ತೋರಬಹುದು. ತಿಂಗಳ ಸಾಮಾನಿನಲ್ಲೆಲ್ಲ ಹೀಗೆ ಉಳಿದುದು ಮಗುವಿನ ಪುಸ್ತಕಕ್ಕೋ ಮನೆಯ ಹಾಲಿಗೋ ಒದಗೀತು. ಶಾಲೆಯಲ್ಲಿ ಕಲಿತ ಭಾಗಾಕಾರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಅಪರೂಪ.