ನಿಮಗಿದು ಗೊತ್ತೆ? ‘ವಂಶದಲ್ಲೇ ಇದೆ’ ಎಂಬುದು ಅರ್ಧ ನಿಜ

ಮಂಡಿಕಲ್‌ನಂಥ ಹಳ್ಳಿಯಾಗಲಿ, ಬೆಂಗಳೂರಾಗಲಿ, ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವ ಮನೆಯ ಸಂಬಂಧ ಎಂದರೆ ‘ಅದು ವಂಶದಲ್ಲೇ ಇದೆ’ ಎಂದು ಹಿಂಜರಿಯುವವರಿದ್ದಾರೆ. ವಂಶವಾಹಿಗಳ ಪಾತ್ರ ದೊಡ್ಡದೇ. 2022ರ ಅಂತರರಾಷ್ಟ್ರೀಯ ಅಧ್ಯಯನವೊಂದು ಈ ಕಾಯಿಲೆಯ ನಂಟಿರುವ, ಡಿಎನ್ಎಯ 287 ತಾಣಗಳನ್ನು ಗುರುತಿಸಿತು. ಆದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಇನ್ನೊಬ್ಬರಿಗೂ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಂದರ್ಭಗಳಲ್ಲಿ. ಉಳಿದರ್ಧವನ್ನು ಹುಡುಕುವ ದಾರಿಗಳಲ್ಲಿ ಎಪಿಜೆನೆಟಿಕ್ಸ್ ಒಂದು: ಡಿಎನ್ಎ ಬದಲಾಗದೆಯೇ, ಅದಕ್ಕೆ ಅಂಟುವ ಮೀಥೈಲ್‌ನಂಥ ರಾಸಾಯನಿಕ ಗುರುತುಗಳು ಜೀನುಗಳ ಕೆಲಸವನ್ನು ಏರಿಸುತ್ತವೆ, ತಗ್ಗಿಸುತ್ತವೆ. ನೆದರ್ಲೆಂಡ್ಸ್‌ನ 1944-45ರ ಕ್ಷಾಮದ ವೇಳೆ ಗರ್ಭದಲ್ಲಿ ರೂಪುಗೊಂಡವರಲ್ಲಿ ಈ ಕಾಯಿಲೆ ಸುಮಾರು ಇಮ್ಮಡಿಯಾಗಿತ್ತು. ಅದೇ ಕ್ಷಾಮದ ಶಿಶುಗಳ ಐಜಿಎಫ್2 ಎಂಬ ಜೀನಿನಲ್ಲಿ ಆರು ದಶಕಗಳ ನಂತರವೂ ಮೀಥೈಲ್ ಗುರುತು ಕಡಿಮೆಯಿತ್ತು.

ಹಾಗಾದರೆ ತಪ್ಪು ತಾಯಿಯದೇ? ಖಂಡಿತ ಅಲ್ಲ, ಆ ಹಸಿವು ಯುದ್ಧ ತಂದದ್ದು. ಈ ಎಪಿಜೆನೆಟಿಕ್ ವಿವರಣೆಗೆ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ರಕ್ತದಲ್ಲಿ ಕಂಡ ಗುರುತು ಮಿದುಳಿನಲ್ಲೂ ಇರಬೇಕೆಂದಿಲ್ಲ. ಧೂಮಪಾನ, ಔಷಧಗಳೂ ಅದನ್ನು ಬದಲಿಸಬಲ್ಲವು. ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ಮಿದುಳಿನ ಕೋಶಗಳನ್ನೇ ನೋಡಲೆಂದು ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಹಲವರಿಗೆ ಮನೋರೋಗವಿರುವ ಕುಟುಂಬಗಳ ರಕ್ತಕಣಗಳಿಂದ ಕಾಂಡಕೋಶ, ಅದರಿಂದ ನರಕೋಶ ಬೆಳೆಸಿ ಪರೀಕ್ಷಿಸಿವೆ. (ಹೀಗೆ ಮಾರ್ಪಡಿಸುವಾಗ ಹಳೆಯ ಎಪಿಜೆನೆಟಿಕ್ ಗುರುತುಗಳು ಬಹುಪಾಲು ಅಳಿಯುತ್ತವೆ, ಅದೊಂದು ತೊಡಕು.) ಇಷ್ಟು ತೊಡಕುಗಳಿರುವುದರಿಂದ, ಎಪಿಜೆನೆಟಿಕ್ ಪರೀಕ್ಷೆಯಿಂದ ಸ್ಕಿಜೋಫ್ರೇನಿಯಾ ಪತ್ತೆಹಚ್ಚುತ್ತೇವೆ ಎಂಬ ಜಾಹೀರಾತು ಕಂಡರೆ ನಂಬಬೇಡಿ. ಚಿಕಿತ್ಸೆಗಂತೂ ಈ ಸಂಶೋಧನೆಗಾಗಿ ಕಾಯಬೇಕಿಲ್ಲ: ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.